ರೇಡಿಯೇಟರಿಗೆ ಹೊದಿಸಿದ ಕಂಬಳಿ

ಶಿಷ್ಯ ಕೇಳಿದ: "ಗುರುಗಳೇ, ದೇವರ ಹಂಬಲ ಪೋಲಾಗಬಾರದೆಂದು ಹರಟೆ ಬಿಟ್ಟೆ, ಸಂತೆ ಬಿಟ್ಟೆ, ಭಜನೆಗೆ ಹೋಗುವುದನ್ನೂ ಬಿಟ್ಟೆ. ಎಲ್ಲವನ್ನೂ ಒಳಗೇ ಇಟ್ಟುಕೊಂಡಿದ್ದೇನೆ. ಆದರೂ ಎದೆ ಬೇಯುತ್ತದೆ, ತಂಪಾಗುವುದಿಲ್ಲ. ಇನ್ನೂ ಏನನ್ನು ಬಿಡಬೇಕು?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಜೀಪಿನವನಿದ್ದ. ಅವನ ಹೆಂಡತಿ ಬೆಟ್ಟದ ಮೇಲಿನ ತವರಿನಲ್ಲಿ ಹೆತ್ತಿದ್ದಳು. ತಾಯಿ ಮಗುವನ್ನು ನಾನೇ ಜೀಪಿನಲ್ಲಿ ಕರೆತರುತ್ತೇನೆ ಎಂದು ಅವನು ಹೇಳಿಕಳಿಸಿದ್ದ. ಆದರೆ ಹೊರಟ ದಿನ ಅರ್ಧ ಬೆಟ್ಟದಲ್ಲೇ ನೀರು ಕುದಿದು ಜೀಪು ನಿಂತಿತು. ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರ್ ಕೆಟ್ಟುಹೋಗಿತ್ತು. ಮಗುವಿನ ಮುಖ ನೋಡದೆ ಹಿಂದಿರುಗಿದ. ಅಂದಿನಿಂದ ಊಟಕ್ಕೆ ಕುಳಿತರೂ ಅವನ ಕಣ್ಣು ಬೆಟ್ಟದ ಕಡೆಗೇ.

ತಾಮ್ರದ ಕೊಳವೆ ಬಾಗಿಸಿ ತಾನೇ ಹೊಸ ರೇಡಿಯೇಟರ್ ಮಾಡಿದ. ಜೀಪಿಗೆ ಕೂಡಿಸುವ ಮೊದಲು ಮನೆಯಲ್ಲೇ ಪರೀಕ್ಷೆಗಿಟ್ಟ. ಒಲೆಯ ಮೇಲಿನ ಹಂಡೆಯಿಂದ ಬಿಸಿನೀರು ಪೈಪಿನಲ್ಲಿ ಬಂದು, ರೇಡಿಯೇಟರ್ ಹೊಕ್ಕು, ತಣಿದು ಹೊರಬರಬೇಕು. ನೀರು ತಣಿದೇ ಬಂತು. ಆದರೆ ಹಂಡೆಯ ಮೈಯಿಂದಲೂ ಪೈಪಿನಿಂದಲೂ ಬಿಸಿ ಸೋರುತ್ತಿತ್ತು. ತಣಿಸಿದ್ದು ರೇಡಿಯೇಟರೋ, ಈ ಸೋರಿಕೆಯೋ ತಿಳಿಯಲಿಲ್ಲ. ಅದನ್ನು ನಂಬಿ ಹೊರಟರೆ ಮತ್ತೆ ಅರ್ಧ ಬೆಟ್ಟದಲ್ಲೇ ನಿಲ್ಲಬೇಕು.

ಹಂಡೆಗೆ ಗೋಣಿತಾಟು ಸುತ್ತಿದ. ಪೈಪಿಗೆ ಹಳೆಯ ಸೀರೆ ಸುತ್ತಿದ. ಎಲ್ಲಕ್ಕಿಂತ ಮುಖ್ಯವಾದದ್ದು ರೇಡಿಯೇಟರ್ ಅಲ್ಲವೇ ಎಂದುಕೊಂಡು, ಮಗುವಿಗೆಂದು ತಂದಿಟ್ಟಿದ್ದ ಹೊಸ ಕಂಬಳಿಯನ್ನೇ ಅದಕ್ಕೆ ಹೊದಿಸಿದ. ನೀರು ಒಳಹೋದಷ್ಟೇ ಬಿಸಿಯಾಗಿ ಹೊರಬಂತು. ಅವನು ತಲೆಯ ಮೇಲೆ ಕೈಹೊತ್ತು ಕುಳಿತ.

ಅವನ ತಾಯಿ ಬಂದು ನೋಡಿದಳು. "ಇದೇನೋ, ಇದಕ್ಕೂ ಬಾಣಂತನ ಮಾಡ್ತಿದ್ದೀಯಾ?"

"ಬಿಸಿ ಸೋರಬಾರದಲ್ಲ, ಅವ್ವ."

"ದಾರೀಲಿ ಸೋರಬಾರದು, ಸರಿ. ಬಿಸಿ ಬಿಡೋಕೆ ಅಂತಲೇ ಮಾಡಿದ್ದಕ್ಕೂ ಹೊದಿಸಿಬಿಟ್ಟರೆ, ಪಾಪ, ಅದೇನು ಮಾಡೀತು?"

ಅವನು ಎದ್ದು ಕಂಬಳಿ ತೆಗೆದ. ಉಳಿದ ಹೊದಿಕೆಗಳನ್ನು ಹಾಗೇ ಬಿಟ್ಟ. ನೀರು ತಣ್ಣಗೆ ಬಂತು. ತಣಿಸಿದ್ದು ಯಾವುದೆಂಬ ಅನುಮಾನ ಈಗ ಉಳಿಯಲಿಲ್ಲ. ಮರುದಿನ ಜೀಪು ಬೆಟ್ಟ ಹತ್ತಿತು. ಇಳಿಯುವಾಗ ಅದರಲ್ಲಿ ಮೂವರಿದ್ದರು.

ಶಿಷ್ಯ, "ಹಾಗಾದರೆ ನಾನು ಬಿಟ್ಟದ್ದೆಲ್ಲ ತಪ್ಪೇ?" ಎಂದ.

ಗುರುಗಳು ಹೇಳಿದರು: "ಹರಟೆ ಬಿಟ್ಟದ್ದು ಸರಿಯಪ್ಪ. ಆದರೆ ಭಜನೆಯಲ್ಲಿ ದೇವರನ್ನು ಬಾಯಿಬಿಟ್ಟು ಕರೆದು ಎಷ್ಟು ದಿನವಾಯಿತು?"