ಉಳಿಸಿಕೊಟ್ಟ ಪ್ರಾಣ

"ಸ್ವಾಮಿ, ಒಬ್ಬನು ನಮಗಾಗಿ ಪ್ರಾಣವನ್ನೇ ಕೊಟ್ಟರೆ, ಪ್ರತಿಯಾಗಿ ನಾವು ಏನು ಕೊಡಬೇಕು?" ಎಂದು ಶಿಷ್ಯ ಕೇಳಿದ.

ಅದು ಕ್ರಿಸ್ತನ ಮರಣವನ್ನು ನೆನೆಯುವ ತಪಸ್ಸುಕಾಲ. ಗುರುಮಠದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಶಿಷ್ಯನ ಕಣ್ಣು ಇನ್ನೂ ಒದ್ದೆಯಾಗಿತ್ತು. ಗುರುಗಳು ಒಂದು ಕತೆ ಹೇಳಿದರು.

ಇಬ್ಬರು ಸೈನಿಕರಿದ್ದರು. ಒಬ್ಬ ಇನ್ನಾಸಪ್ಪ, ಇನ್ನೊಬ್ಬ ಚೌರಪ್ಪ. ಇಬ್ಬರೂ ಕ್ರೈಸ್ತರು, ಒಂದೇ ತುಕಡಿಯವರು. ಯುದ್ಧ ಮುಗಿದಿತ್ತು. ಆದರೆ ಗಡಿಯ ಹೊಲಗಳಲ್ಲಿ ಹೂತಿಟ್ಟ ನೆಲಬಾಂಬುಗಳು ಹಾಗೆಯೇ ಇದ್ದವು. ಅವನ್ನು ತೆಗೆದ ಮೇಲೆಯೇ ಅಲ್ಲಿನ ಜನ ಹಿಂತಿರುಗಿ ಬೇಸಾಯ ಮಾಡಬಹುದಿತ್ತು. ಇವರ ತುಕಡಿಗೆ ಆ ಕೆಲಸ ಬಿತ್ತು. ಒಬ್ಬ ನೆಲವನ್ನು ಪರೀಕ್ಷಿಸುತ್ತ ಮುಂದೆ ಹೋಗಬೇಕು. ಉಳಿದವರು ಅವನು ಗುರುತು ಹಾಕಿದ ಜಾಡಿನಲ್ಲೇ ದೂರದಿಂದ ಹಿಂಬಾಲಿಸಬೇಕು. ಮುಂದೆ ಹೋಗುವ ಪಾಳಿ ಎಲ್ಲರಿಗೂ ಬರುತ್ತಿತ್ತು.

ಒಂದು ಬೆಳಿಗ್ಗೆ ಇನ್ನಾಸಪ್ಪನ ಪಾಳಿ. ಹೊರಡುವ ಹೊತ್ತಿಗೆ ಊರಿನಿಂದ ತಂತಿ ಬಂತು. ಅವನಿಗೆ ಹೆಣ್ಣುಮಗು ಹುಟ್ಟಿತ್ತು. ಸಂತೋಷಕ್ಕೆ ಅವನ ಕೈ ನಡುಗತೊಡಗಿತು. ಚೌರಪ್ಪ ಅದನ್ನು ನೋಡಿದ.

"ಈ ಕೈ ಇಟ್ಟುಕೊಂಡು ಮುಂದೆ ಹೋಗ್ತೀಯೇನೋ? ಕೊಡಿಲ್ಲಿ."

"ಇವತ್ತು ನನ್ನ ಪಾಳಿ ಕಣೋ."

"ನಾಳೆ ನನ್ನದನ್ನು ನೀನು ಮಾಡು. ಇವತ್ತು ಹಿಂದೆ ಬರ್ತಾ ಮಗಳಿಗೊಂದು ಹೆಸರು ಹುಡುಕು."

ಚೌರಪ್ಪ ಅವನ ಕೈಯಿಂದ ನೆಲ ಪರೀಕ್ಷಿಸುವ ಸಲಕರಣೆ ಕಿತ್ತುಕೊಂಡ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹೊಲಕ್ಕೆ ಇಳಿದ. ಬಿಸಿಲೇರುವ ಮೊದಲೇ ಬಾಂಬು ಸಿಡಿಯಿತು. ಇನ್ನಾಸಪ್ಪ ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಉಸಿರು ಇತ್ತು, ಮಾತು ಇರಲಿಲ್ಲ. ಆಮೇಲೆ ಉಸಿರೂ ನಿಂತಿತು.

ಶವದ ಜೊತೆ ಅವನ ಊರಿಗೆ ಹೋಗು, ಹಾಗೆಯೇ ನಿನ್ನೂರಿಗೂ ಹೋಗಿ ಮಗುವನ್ನು ನೋಡಿಕೊಂಡು ಬಾ ಎಂದು ಅಧಿಕಾರಿ ರಜೆ ಕೊಟ್ಟರು. ಇನ್ನಾಸಪ್ಪ ಒಪ್ಪಲಿಲ್ಲ. "ಅವನ ತಾಯಿಗೆ ಮುಖ ತೋರಿಸಲಾರೆ ಸಾರ್" ಎಂದ. ಬೇರೊಬ್ಬನನ್ನು ಕಳಿಸಿದರು. ಆ ಬೆಳಿಗ್ಗೆ ನಡೆದದ್ದನ್ನೆಲ್ಲ, ಮಗು ಹುಟ್ಟಿದ್ದೂ ಸೇರಿ, ಅವನೇ ಆ ತಾಯಿಗೆ ಹೇಳಿದ.

ಅಂದಿನಿಂದ ಇನ್ನಾಸಪ್ಪನಿಗೆ ತನ್ನ ಉಸಿರು ತನ್ನದಲ್ಲ ಎನಿಸಿತು. ಕ್ರಿಸ್ತ ನನಗಾಗಿ ಸತ್ತ, ಚೌರಪ್ಪನೂ ನನಗಾಗಿ ಸತ್ತ, ಇನ್ನು ನಾನು ಬದುಕನ್ನು ಅನುಭವಿಸಿದರೆ ಇಬ್ಬರಿಗೂ ದ್ರೋಹ ಎಂದುಕೊಂಡ. ಪ್ರತಿ ಪೂಜೆಯಲ್ಲೂ ಒಂದೇ ಬೇಡಿಕೆ: ದೇವರೇ, ನನ್ನನ್ನೂ ಯಾರಿಗಾಗಿಯಾದರೂ ತೆಗೆದುಕೋ. ಅಪಾಯದ ಕೆಲಸ ಎಲ್ಲಿದ್ದರೂ ಕೈ ಎತ್ತಿದ. ಬೇರೆಯವರ ಪಾಳಿಗಳನ್ನು ಕೇಳಿ ಪಡೆದ. ತನ್ನ ರಜೆಗಳನ್ನು ಹಂಚಿಬಿಟ್ಟ. ಅವನ ದೆಸೆಯಿಂದ ಎಷ್ಟೋ ಹೊಲಗಳಲ್ಲಿ ಪೈರು ಬಂತು. ಎದೆಯ ಮೇಲೆ ಪದಕಗಳು ಬಂದವು. ಸಾವು ಮಾತ್ರ ಬರಲಿಲ್ಲ.

ಊರಿಗೆ ಹೋದದ್ದು ಅಪರೂಪ. ಹೋದಾಗಲೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಮಗಳ ಜ್ಞಾನಸ್ನಾನಕ್ಕೆ ಅವನಿರಲಿಲ್ಲ. ಹೆಸರನ್ನು ಹೆಂಡತಿಯೇ ಇಟ್ಟಳು. ಮಗಳ ಮದುವೆಗೆ ಬಂದವನು ಮಾರನೆಯ ದಿನವೇ ಹೊರಟ. "ಇನ್ನೆರಡು ದಿನ ಇರಿ ಅಂದ್ರೆ ನಿಮಗೆ ಹಿಂಸೆ ಆಗುತ್ತೆ. ಇನ್ನು ಕೇಳಲ್ಲ" ಎಂದಳು ಹೆಂಡತಿ. ಹಾಗೆಯೇ ಕೇಳುವುದನ್ನು ಬಿಟ್ಟಳು.

ನಿವೃತ್ತಿಯಾದ ಮೇಲೆ ಧೈರ್ಯ ಮಾಡಿ ಚೌರಪ್ಪನ ತಾಯಿಯ ಬಳಿ ಹೋದ. ಮುದುಕಿ ಬಾಗಿಲ ಬಳಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಯಾರೆಂದು ತಿಳಿದೊಡನೆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವನು ಪದಕಗಳನ್ನು ತೆಗೆದು ಅವಳ ಮಡಿಲಲ್ಲಿ ಇಟ್ಟ.

"ಅಮ್ಮಾ, ನಿಮ್ಮ ಮಗ ಕೊಟ್ಟ ಪ್ರಾಣವನ್ನು ನಾನು ನನಗೋಸ್ಕರ ಬಳಸಲಿಲ್ಲ."

ಮುದುಕಿ ಪದಕಗಳನ್ನು ನೋಡಲಿಲ್ಲ.

"ಅದಿರಲಿ ಕಣಪ್ಪ. ಆವತ್ತು ಹುಟ್ಟಿದ ಮಗು ಹೆಂಗವಳೆ? ಚಿಕ್ಕವಳಿದ್ದಾಗ ಬಲು ತುಂಟಿಯಾ? ನಿನ್ನ ಬಿಟ್ಟು ಮಲಗ್ತಿರಲಿಲ್ವಾ?"

ಇನ್ನಾಸಪ್ಪನಿಗೆ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿದ. ಮುದುಕಿಗೆ ನಿಧಾನವಾಗಿ ಅರ್ಥವಾಯಿತು. ಸುಲಿಯುತ್ತಿದ್ದ ಕೈ ನಿಂತಿತು.

"ಆ ಮಗೀಗೆ ಅಪ್ಪ ಉಳಿದನಲ್ಲ ಅಂತ ಇಷ್ಟು ವರ್ಷ ನಾನು ಸಮಾಧಾನ ಮಾಡ್ಕೊಂಡಿದ್ದೆನಪ್ಪ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ.

ಅಲ್ಲಿಂದ ನೇರವಾಗಿ ಮಗಳ ಮನೆಗೆ ಹೋದ. ಮಗಳು ಕುರ್ಚಿ ಹಾಕಿದಳು, ಕಾಫಿ ಕೊಟ್ಟಳು, ಪ್ರಯಾಣ ಹೇಗಿತ್ತು ಎಂದು ವಿಚಾರಿಸಿದಳು. ಯಾವ ಮರ್ಯಾದೆಗೂ ಕಡಿಮೆ ಮಾಡಲಿಲ್ಲ. ಅವನು ಏನೋ ಹೇಳಬೇಕೆಂದು ಬಾಯಿ ತೆರೆದ. ಅವಳು ತಾಳ್ಮೆಯಿಂದ ಕಾದಳು. ಅವನು ಲೋಟ ಕೆಳಗಿಟ್ಟು ಎದ್ದು ಬಂದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವನೂ ಪರರಿಗಾಗಿ ಸಾಯಲು ಸಿದ್ಧನಾಗಿದ್ದನಲ್ಲ ಸ್ವಾಮಿ? ಚೌರಪ್ಪನಿಗೆ ಪ್ರತಿಯಾಗಿ ಅದಕ್ಕಿಂತ ಹೆಚ್ಚಿನದು ಇನ್ನೇನು ಮಾಡಬೇಕಿತ್ತು?"

"ರಜೆ ತೆಗೆದುಕೊಂಡು ಊರಿಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಕಿತ್ತು" ಎಂದರು ಗುರುಗಳು.