ಮೂಡಲಯ್ಯನ ಕೂಗು

"ಗುರುಗಳೇ, ಇಷ್ಟು ಜನ ದಿನವೂ ಆಡಿಯೂ ಒಂದು ಮಾತು ತಪ್ಪಾಗಿಯೇ ಉಳಿಯುವುದು ಹೇಗೆ?" ಎಂದು ಶಂಭುಲಿಂಗ ಕೇಳಿದ.

ಅವನು ಮಠಕ್ಕೆ ಬರುವ ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. ಕೇಳಿದ್ದನ್ನು ತಾನೇ ಬಿಡಿಸಿ ಹೇಳಿದ.

"ಇಂಗ್ಲಿಷಿನಲ್ಲಿ ದಡ್ಡನನ್ನು ಡನ್ಸ್ ಎನ್ನುತ್ತಾರೆ. ಅದು ಒಬ್ಬ ಮಹಾಪಂಡಿತನ ಹೆಸರಿನಿಂದ ಬಂದದ್ದು. ಅವನು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಅವನ ಮತ ಒಪ್ಪದವರು ಅವನ ಅನುಯಾಯಿಗಳನ್ನು ಆ ಹೆಸರು ಹಿಡಿದು ಹಂಗಿಸಿದರು. ಪಂಡಿತನನ್ನು ಜನ ಮರೆತರು, ಹಂಗಿಸಿದ್ದು ಉಳಿಯಿತು. ಸಿಲ್ಲಿ ಎಂಬ ಮಾತಿಗೆ ಒಂದು ಕಾಲದಲ್ಲಿ ಪುಣ್ಯವಂತ ಎಂದು ಅರ್ಥವಿತ್ತು. ಈಗ ಪೆದ್ದ ಎಂದಾಗಿದೆ. ನೈಸ್ ಎಂದರೆ ಮೊದಲು ಏನೂ ಅರಿಯದವನು. ಈಗ ಊಟವೂ ನೈಸ್, ಮನುಷ್ಯನೂ ನೈಸ್. ಆಡುವವರಲ್ಲಿ ಒಬ್ಬರೂ ತಿರುಗಿ ನೋಡುವುದಿಲ್ಲ."

ಗುರುಗಳು ಕಣ್ಣು ಮುಚ್ಚಿಕೊಂಡಿದ್ದರು. ಬೆಳಗಿನಿಂದ ಬಂದವರ ಮಾತೆಲ್ಲ ಕೇಳಿ ದಣಿದಿದ್ದರು.

"ಇಂಗ್ಲಿಷಿನವರ ಸಂಗತಿ ನನಗೆ ತಿಳಿಯದು. ಒಬ್ಬ ನೀರುಗಂಟಿಯ ಸಂಗತಿ ಹೇಳುತ್ತೇನೆ, ಕೇಳು," ಎಂದರು.

ಒಂದು ಊರಿನಲ್ಲಿ ಮೂಡಲಯ್ಯ ಎಂಬ ನೀರುಗಂಟಿ ಇದ್ದ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು, ಮಳೆಗಾಲದಲ್ಲಿ ಕೆರೆಯ ಮಣ್ಣುಕಟ್ಟೆಯಾದ ಏರಿಯನ್ನು ಕಾಯುವುದು ಅವನ ಕೆಲಸ. ಊರು ಏರಿಯ ಕೆಳಗಿತ್ತು. ಏರಿಗೆ ತಾಗಿದಂತೆ, ತಗ್ಗಿನಲ್ಲಿ ಕೆಳಕೇರಿ. ಅಲ್ಲಿಂದ ಸ್ವಲ್ಪ ಎತ್ತರದಲ್ಲಿ ಮೇಲುಕೇರಿ. ಅದರ ಹಿಂದೆ ಒಂದು ದೊಡ್ಡ ಬಂಡೆ.

ಒಂದು ವರ್ಷ ಮಳೆ ಬಿಡದೆ ಹೊಡೆಯಿತು. ಕೆರೆ ತುಂಬಿತು. ಹೆಚ್ಚಾದ ನೀರು ಕೋಡಿಯಿಂದ ಹರಿದುಹೋಗಬೇಕಿತ್ತು. ಆದರೆ ಹಳ್ಳದಲ್ಲಿ ತೇಲಿಬಂದ ಮರಗಳು ಕೋಡಿಯ ಬಾಯಿಗೆ ಅಡ್ಡ ಸಿಕ್ಕಿಕೊಂಡವು. ನೀರು ಏರಿಯ ನೆತ್ತಿಗೆ ಬಂತು. ಮೂಡಲಯ್ಯ ಏರಿಯ ಮೇಲೆ ನಿಂತು ಕೂಗಿದ. "ಏರಿ ಹೋಯ್ತದೆ! ಎಲ್ಲಾ ಬಂಡೆ ಹತ್ರಪ್ಪೋ!"

ಜನ ಓಡಿದರು. ಒಲೆಯ ಮೇಲಿದ್ದ ಅನ್ನ ಬಿಟ್ಟರು, ದನಗಳ ಹಗ್ಗ ಕುಯ್ದರು. ಮುದುಕರನ್ನು ಬೆನ್ನಮೇಲೆ ಹೊತ್ತರು. ಒಬ್ಬ ಮುದುಕಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎಲ್ಲರೂ ಬಂಡೆಯ ಮೇಲೆ ಮಳೆಯಲ್ಲಿ ನಿಂತರು.

ಮೂಡಲಯ್ಯ ಬಂಡೆಗೆ ಹೋಗಲಿಲ್ಲ. ಕೊಡಲಿ, ಹಾರೆ ಹಿಡಿದು ಕೋಡಿಗೆ ಇಳಿದ. ಕೊಂಬೆ ಕಡಿದು, ದಿಮ್ಮಿಗಳನ್ನು ಒಂದೊಂದಾಗಿ ಮೀಟಿದ. ಒಂದು ದಿಮ್ಮಿ ತಿರುಗಿ ಅವನ ಎಡಗೈಯನ್ನು ಕಲ್ಲಿಗೆ ಒತ್ತಿ ಜಜ್ಜಿತು. ಅವನು ಬಲಗೈಯಲ್ಲೇ ಮೀಟಿದ. ಕೊನೆಗೆ ಮರಗಳೆಲ್ಲ ಒಟ್ಟಿಗೆ ಕಳಚಿ ನೀರಿನಲ್ಲಿ ಹೊರಟುಹೋದವು. ಕೋಡಿ ಹರಿಯಿತು. ಕೆರೆ ಇಳಿಯಿತು.

ಮಳೆ ನಿಂತ ಮೇಲೆ ಜನ ಇಳಿದು ಬಂದರು. ಮನೆಗಳು ಇದ್ದಹಾಗೇ ಇದ್ದವು. ಅನ್ನವನ್ನು ಮಾತ್ರ ನಾಯಿಗಳು ತಿಂದುಹೋಗಿದ್ದವು. ಅವರಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು. ಊರ ಗೌಡ ಮೂಡಲಯ್ಯನನ್ನು ಕರೆಸಿದ.

"ಏರಿ ಎಲ್ಲಿ ಒಡೀತೋ?"

"ಒಡೀಲಿಲ್ಲ ಗೌಡ್ರೇ. ಕೋಡೀಲಿ ಮರ ಸಿಕ್ಕಿದ್ವು. ಬಿಡಿಸ್ದೆ."

"ಮರ ಎಲ್ಲಿ?"

"ನೀರ್ನಲ್ಲಿ ಹೋದ್ವು."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ನಕ್ಕರು. ಅವನು ಬಟ್ಟೆ ಸುತ್ತಿದ್ದ ಕೈ ಎತ್ತಿ ತೋರಿಸಿದ. ಓಡುವಾಗ ಬಿದ್ದಿರಬೇಕು ಎಂದರು. ಒಡೆದ ಏರಿಯನ್ನು ಎಲ್ಲರಿಗೂ ತೋರಿಸಬಹುದು. ಒಡೆಯದೆ ಉಳಿದದ್ದನ್ನು ತೋರಿಸಿ ಅವನು ಏನೆಂದು ಹೇಳಬೇಕಿತ್ತು?

ಅಂದಿನಿಂದ ಆ ಊರಿನಲ್ಲಿ ಒಂದು ಮಾತು ಹುಟ್ಟಿತು. ಪೆಟ್ಟಾಗದೆ ಅಳುವ ಮಗುವಿಗೆ, 'ಸುಮ್ನಿರು, ಮೂಡಲಯ್ಯನ ಕೂಗು ಹಾಕಬೇಡ' ಎಂದರು. ಬಸುರಿಗೆ ಸುಳ್ಳು ನೋವು ಬಂದರೆ ಅದು ಮೂಡಲಯ್ಯನ ಕೂಗು. ಗುಡುಗಿ ಮಳೆ ಬಾರದಿದ್ದರೂ ಅದೇ. ಮಾತು ಚೆನ್ನಾಗಿತ್ತು. ಬಾಯಿಗೆ ಹಗುರವಾಗಿತ್ತು. ಸಂತೆಗೆ ಹೋಯಿತು, ಸಂತೆಯಿಂದ ಬೇರೆ ಊರುಗಳಿಗೆ ಹೋಯಿತು. ಮೂಡಲಯ್ಯ ದೂರದ ಊರಿಗೆ ಮಗಳನ್ನು ನೋಡಲು ಹೋದಾಗ ಅವಳ ಅತ್ತೆ, ಅವನ ಹೆಸರೂ ಅದೇ ಎಂಬುದು ನೆನಪಿಗೆ ಬಾರದೆ, ಅವನ ಎದುರಿಗೇ ಆ ಮಾತು ಆಡಿದಳು. ಮಗಳು ತಲೆ ಎತ್ತದೆ ಬಡಿಸಿದಳು. ಅವನು ಉಂಡು ಎದ್ದುಬಂದ.

ಒಂದು ಕೈಯಲ್ಲಿ ತೂಬು ಎತ್ತಲಾಗದೆ ಅವನು ಕೆಲಸ ಬಿಟ್ಟ. ಕೆಳಕೇರಿಯ ಕಾಟಯ್ಯ ಎಂಬವನು ನೀರುಗಂಟಿಯಾದ. ಮೊದಮೊದಲು ಮೂಡಲಯ್ಯ ಸಿಕ್ಕಿದವರಿಗೆಲ್ಲ ಕೋಡಿಯ ಸಂಗತಿ ಹೇಳುತ್ತಿದ್ದ. ಕೆಲವರು ಕೇಳಿದರು, ಕೆಲವರು ಕೇಳಿದಂತೆ ಮಾಡಿದರು. ಬರುಬರುತ್ತಾ ಹೇಳುವುದನ್ನು ಬಿಟ್ಟ. ಸಿಟ್ಟಿನಿಂದ ಬಿಡಲಿಲ್ಲ. ಸಾಕಾಗಿತ್ತು.

ಹೀಗೆ ಬಹಳ ವರ್ಷ ಕಳೆದ ಮೇಲೆ ಮತ್ತೊಂದು ದೊಡ್ಡ ಮಳೆ ಬಂತು. ಒಂದು ಸಂಜೆ ಕಾಟಯ್ಯ ಮೂಡಲಯ್ಯನ ಗುಡಿಸಲಿನ ಬಾಗಿಲಲ್ಲಿ ಬಂದು ನಿಂತ.

"ಮೂಡ್ಲಣ್ಣ, ಏರಿ ಬುಡದಲ್ಲಿ ನೀರು ಜಿನುಗ್ತಾ ಐತೆ. ಕೆಂಪು ನೀರು."

ತಿಳಿನೀರು ಜಿನುಗಿದರೆ ಏರಿ ಬೆವರುತ್ತಿದೆ ಎನ್ನುತ್ತಾರೆ. ಕೆಂಪು ನೀರು ಬಂದರೆ ಒಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆ ಎಂದು ಅರ್ಥ.

"ಯಾವಾಗಿಂದ?"

"ಮಧ್ಯಾಹ್ನದಿಂದ."

"ಕೂಗಿದ್ಯಾ?"

ಮಧ್ಯಾಹ್ನದಿಂದ ಕಾಟಯ್ಯ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದ್ದ. ಬಾಯಿ ತೆರೆದು, ಮುಚ್ಚಿದ್ದ.

"ನೀನೇ ಕೂಗಣ್ಣ. ನಿನ್ನ ಹೆಸರು ಹೆಂಗಿದ್ರೂ ಕೆಟ್ಟೋಗೈತೆ. ನಂಗೆ ಇನ್ನೂ ಮಗಳ ಮದುವೆ ಆಗ್ಬೇಕು. ಏನೂ ಆಗ್ದೇ ಇದ್ರೆ ನಾನೇನು ಮಾಡ್ಲಿ?"

ಮೂಡಲಯ್ಯ ಅವನನ್ನೇ ನೋಡಿದ. ಬಯ್ಯಬೇಕೆನಿಸಿತು. ಬಯ್ಯಲೂ ಶಕ್ತಿ ಬೇಕು. ಗೋಡೆ ಹಿಡಿದು ಎದ್ದ. ಅವನ ಹೆಂಡತಿ ಸಣ್ಣೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಇನ್ನು ಸಾಕು, ಹೋಗ್ಬೇಡ," ಎಂದಳು.

"ಸಾಕು ಅಂತ ನಾನೂ ಅಂದ್ಕೊಂಡಿದ್ದೆ," ಎಂದ ಅವನು. "ನೀನು ಬಂಡೆ ಹತ್ತು."

ಅವನು ಏರಿಯ ಮೇಲೆ ನಿಂತು ಕೂಗಿದ. ವಯಸ್ಸಾಗಿದ್ದರೂ ಆ ದನಿ ಊರಿಗೆಲ್ಲ ಕೇಳಿಸಿತು.

ಮೇಲುಕೇರಿಯವರು ಹೊರಗೆ ಬಂದರು. ಮೂಡಲಯ್ಯನೇ ಬಂದು ಮೂಡಲಯ್ಯನ ಕೂಗು ಹಾಕುತ್ತಿದ್ದಾನೆ ಎಂದು ನಕ್ಕರು. ಇಂಥ ತಮಾಷೆ ಮತ್ತೆ ಸಿಗದು ಎಂದು, ಎತ್ತರದಿಂದ ಚೆನ್ನಾಗಿ ಕಾಣಲೆಂದು, ಮಕ್ಕಳನ್ನು ಎತ್ತಿಕೊಂಡು ಬಂಡೆ ಹತ್ತಿದರು. ಕೆಳಕೇರಿಯವರು ಆಗತಾನೆ ಒಲೆ ಹೊತ್ತಿಸಿದ್ದರು. ಹಿಂದಿನ ಸಲ ಬಿಟ್ಟುಹೋದ ಅನ್ನದ ಕತೆ ಅವರ ಮನೆಗಳಲ್ಲಿ ಇನ್ನೂ ಇತ್ತು. ಅವರು ಕದ ಹಾಕಿಕೊಂಡರು.

ಅದನ್ನು ಕಂಡು ಕಾಟಯ್ಯ ಕೆಳಕ್ಕೆ ಓಡಿದ. ಮನೆಮನೆಯ ಕದ ಬಡಿದ. ಈಗ ಅವನೂ ಕೂಗುತ್ತಿದ್ದ. ಒಳಗಿನಿಂದ ಜನ ಅವನನ್ನೂ ಹಂಗಿಸಿ ನಕ್ಕರು. ಅವನು ತನ್ನ ಮನೆಯ ಬಾಗಿಲು ಮುಟ್ಟುವ ಹೊತ್ತಿಗೆ ಏರಿ ಒಡೆಯಿತು.

ಮೇಲುಕೇರಿಯ ಮನೆಗಳಿಗೆ ಎದೆಯುದ್ದ ನೀರು ನುಗ್ಗಿ, ಗೋಡೆಗಳು ಕುಸಿದವು. ಜನ ಬಂಡೆಯ ಮೇಲಿದ್ದುದರಿಂದ ಬದುಕಿದರು. ಏರಿಯ ಒಡೆಯದ ತುದಿಯಲ್ಲಿ ನಿಂತಿದ್ದ ಮೂಡಲಯ್ಯನೂ ಉಳಿದ. ಕೆಳಕೇರಿ ಇದ್ದ ಜಾಗದಲ್ಲಿ ಬೆಳಿಗ್ಗೆ ಮರಳು ಇತ್ತು.

ಏರಿ ಮತ್ತೆ ಕಟ್ಟಿದರು. ಉಳಿದವರು ಆ ಸಂಜೆಯ ಸಂಗತಿಯನ್ನು ಬಹಳ ಕಾಲ ಹೇಳಿಕೊಂಡರು. ದೇವರು ಬುದ್ಧಿ ಕೊಟ್ಟು ತಮ್ಮನ್ನು ಬಂಡೆ ಹತ್ತಿಸಿದ ಎಂದರು. ನಗಲೆಂದು ಬಂಡೆ ಹತ್ತಿದ್ದೆವು ಎಂದು ಯಾರು ಹೇಳಿಕೊಳ್ಳುತ್ತಾರೆ? ಮೂಡಲಯ್ಯನನ್ನು ಯಾರೂ ಹಂಗಿಸಲಿಲ್ಲ. ಹಬ್ಬಕ್ಕೆ ಅವನ ಗುಡಿಸಲಿಗೆ ಕಡುಬು ಕಳಿಸಿದರು.

ಒಂದು ದಿನ ಅವನು ಸೌದೆ ಹೊತ್ತು ಬರುತ್ತಿದ್ದ. ದಾರಿಯ ಪಕ್ಕ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಆ ಸಂಜೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂಡೆ ಹತ್ತಿದ್ದವಳು ಅವಳು. ಆ ಕೂಸು ಈಗ ನಡೆಯುತ್ತಿತ್ತು. ಎಡವಿ ಬಿದ್ದು ಅತ್ತಿತು.

"ಏನೂ ಆಗಿಲ್ಲ ಏಳೇ, ಮೂಡಲಯ್ಯನ ಕೂಗು ಹಾಕ್ಬೇಡ," ಎಂದಳು ತಾಯಿ.

ಆಮೇಲೆ ಮುದುಕನನ್ನು ನೋಡಿದಳು. ಮುಖ ಅರಳಿತು. "ಬಾ ಮೂಡ್ಲಣ್ಣ, ಬಿಸಿಲಾಗೆ ಬಂದಿದ್ದೀಯಾ, ನೀರು ಕುಡಿ," ಎಂದು ಚೊಂಬು ಕೊಟ್ಟಳು.

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅವಳು ಆಡಿದ ಮಾತಿನೊಳಗೆ ಈ ಮನುಷ್ಯ ಇದ್ದಾನೆಂಬುದೇ ಅವಳಿಗೆ ಹೊಳೆಯಲಿಲ್ಲ. ಮೂಡಲಯ್ಯ ಸೌದೆ ಇಳಿಸಿ ನೀರು ಕುಡಿದ. ಚೊಂಬು ಹಿಂದಕ್ಕೆ ಕೊಟ್ಟು, ಹೊರೆ ಎತ್ತಿಸಿಕೊಂಡು ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ, "ಅಷ್ಟು ದೊಡ್ಡ ಅನಾಹುತ ಕಂಡಮೇಲೂ ಆ ಮಾತನ್ನು ಒಬ್ಬರಾದರೂ ತಿದ್ದಲಿಲ್ಲವೇ ಗುರುಗಳೇ?" ಎಂದ.

"ಅದು ತಪ್ಪೆಂದು ಕಲಿತವರೆಲ್ಲ ಕೆಳಕೇರಿಯಲ್ಲಿದ್ದರಪ್ಪ," ಎಂದರು ಗುರುಗಳು.