ಬಾಗಿದ ಗೆರೆ

ಕಳೆದ ವರ್ಷ, ಯುಗಾದಿಯ ಮರುದಿನ ನಡೆದದ್ದು ಇದು.

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಕಾವಿ ಉಡುವ ಮೊದಲು ಅವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಹಾಗಾಗಿ ಆತ್ಮದ ಬಗ್ಗೆ ಕೇಳುವವರಿಗೂ ಜೀವಕೋಶದ ಬಗ್ಗೆ ಕೇಳುವವರಿಗೂ ಅಲ್ಲಿ ಒಂದೇ ಚಾಪೆ.

ಬೆಳಿಗ್ಗೆ ಆ ಚಾಪೆಯ ಮೇಲೆ ಶಿಷ್ಯ ಫಕೀರೇಶ ಬಂದು ಕೂತ.

“ಅಜ್ಜಾರ, ಕಣ್ಣಿನ ಕೋಶದಾಗಿರೋ ಡಿಎನ್‌ಎ ನೂಲೂ ಚರ್ಮದ ಕೋಶದಾಗಿರೋ ನೂಲೂ ಒಂದೇ. ಅಕ್ಷರ ಒಂದೇ, ಅಕ್ಷರದ ಕ್ರಮ ಒಂದೇ. ಮತ್ತ ಕಣ್ಣು ಕಾಣತೈತಿ, ಚರ್ಮ ಯಾಕ ಕಾಣಂಗಿಲ್ಲ?”

“ನೂಲು ಎಷ್ಟುದ್ದ?”

“ಒಂದಾಳುದ್ದರಿ.”

“ಅದು ಇರೋ ಗೂಡು?”

“ಕೋಶಕೇಂದ್ರರಿ. ಅಂಥವು ಒಂದು ಸಾಸಿವಿ ಕಾಳಿನಾಗ ಲಕ್ಷಗಟ್ಟಲೆ ಹಿಡಿತಾವ.”

“ಅಷ್ಟು ಸಣ್ಣ ಗೂಡಿನಾಗ ಒಂದಾಳುದ್ದ ನೂಲು ನೆಟ್ಟಗ ನಿಂತೈತೇನು?”

“ಇಲ್ರಿ. ಮಡಚಿಕೊಂಡಿರತೈತಿ.”

“ಸಂಜಿಗೆ ಹೇಳ್ತೀನಿ. ಮತ್ತೇನರ ಐತೇನು?”

ಇತ್ತು. ಫಕೀರೇಶ ದನಿ ತಗ್ಗಿಸಿದ.

“ನೀಲವ್ವನ್ನ ಭಜನಿಯಿಂದ ಬಿಡಿಸಬೇಕರಿ.”

ನೀಲವ್ವ ಆಶ್ರಮಕ್ಕೆ ಎಲ್ಲರಿಗಿಂತ ಕೊನೆಗೆ ಬಂದವಳು. ಹಾಡಬೇಕೆಂದೇ ಬಂದವಳು. ಆದರೆ ಬಂದಾಗಿನಿಂದ ಭಜನೆಯಲ್ಲಿ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಕೇಳಿದ್ರ ಏನಂತಾಳ?”

“ಹಾರ್ಮೋನಿಯಂ ಪೇಟಿ ಕಿವಿಗೆ ಬೀಳಂಗಿಲ್ಲ ಅಂತಾಳರಿ. ನಡುವ ಕೂಡೂ ಕಲ್ಲಪ್ಪನ ತಾಳ ಒಂದೇ ಕೇಳತೈತಂತ. ಬರೇ ನೆಪ!”

“ಬಿಡಿಸಿದ್ರ ಎಲ್ಲಿಗೆ ಹೋಗ್ತಾಳ?”

“ಊರಿಗೆ ಹೋಗ್ತೀನಂತ ಗಂಟು ಕಟ್ಯಾಳರಿ.”

“ಇವತ್ತೊಂದು ಸಂಜಿ ತಡೀ ಅನ್ನು.”

ಭಜನೆಯ ವ್ಯವಸ್ಥೆ ಫಕೀರೇಶನದೇ. ಆಶ್ರಮ ಕಟ್ಟಿದವರು ಒಂದು ಕಟ್ಟಳೆ ಮಾಡಿಟ್ಟಿದ್ದರು: ಬಂದ ಕ್ರಮದಲ್ಲೇ ಕೂರಬೇಕು, ಯಾರ ಎಡಬಲವೂ ಬದಲಾಗಬಾರದು. ಫಕೀರೇಶ ಅದಕ್ಕೆ ತನ್ನ ಅಚ್ಚುಕಟ್ಟುತನವನ್ನೂ ಸೇರಿಸಿದ್ದ. ಉದ್ದನೆಯ ಪಡಸಾಲೆಯ ನಡುವೆ, ದೀಪದಿಂದ ಬಾಗಿಲವರೆಗೆ, ಹುರಿ ಹಿಡಿದು ಸುಣ್ಣದ ಗೆರೆ ಎಳೆದಿದ್ದ. ಮೊದಲು ಬಂದ ಮುರಿಗೆಪ್ಪ ತನ್ನ ಪೇಟಿಯೊಂದಿಗೆ ದೀಪದ ಪಕ್ಕ. ಕೊನೆಗೆ ಬಂದ ನೀಲವ್ವ ಬಾಗಿಲ ಹತ್ತಿರ. ನಟ್ಟನಡುವೆ ಕಲ್ಲಪ್ಪ. ಅವನ ತಾಳ ಹಾಡಿಗಿಂತ ಒಂದು ಹೆಜ್ಜೆ ಮುಂದೆ ಇಲ್ಲವೆ ಎರಡು ಹೆಜ್ಜೆ ಹಿಂದೆ.

ಸಂಜೆ ಅಜ್ಜಾರು ಒದ್ದೆ ಬಟ್ಟೆಯಿಂದ ಗೆರೆಯನ್ನು ಒರೆಸುತ್ತ ಕೂತಿದ್ದರು.

“ಅಯ್ಯೋ ಅಜ್ಜಾರ! ಎರಡು ದಿನದ ಕೆಲಸರಿ ಅದು!”

“ಚೆಂದ ಐತಿ. ಮ್ಯಾಲೆ ಮಂದಿ ಕೂತ್ರ ಕಾಣೂದಿಲ್ಲ.”

ಆಮೇಲೆ ಅವರು ಸುಣ್ಣದಲ್ಲಿ ಹೊಸ ಗೆರೆ ಎಳೆದರು. ಅದು ದೀಪದಿಂದ ಹೊರಟು ಪಕ್ಕದ ಗೋಡೆಯವರೆಗೆ ಹೋಯಿತು, ಅಲ್ಲಿ ಬಾಗಿ ಮತ್ತೆ ದೀಪಕ್ಕೇ ಬಂದು ನಿಂತಿತು. ಕುದುರೆ ಲಾಳದ ಹಾಗೆ ಕಾಣುತ್ತಿತ್ತು.

“ಇದೇನು ಸಾಲು ಅಜ್ಜಾರ? ಕ್ರಮ ಕೆಟ್ಟು ಹೋಗತೈತಿ.”

“ನೀನ ಕೂಡಿಸು. ಕೆಟ್ರ ಹೇಳು.”

ಫಕೀರೇಶ ಒಬ್ಬೊಬ್ಬರನ್ನೇ ಕೂಡಿಸಿದ. ಮುರಿಗೆಪ್ಪ ದೀಪದ ಈಚೆ. ಸಾಲು ಗೋಡೆಗೆ ಹೋಗಿ, ಬಾಗಿ, ತಿರುಗಿ ಬಂದಾಗ ದೀಪದ ಆಚೆ ಉಳಿದವಳು ನೀಲವ್ವ. ಪೇಟಿ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದಿತ್ತು.

“ಏನವಾ, ಪೇಟಿ ನೀನ ಬಾರಸ್ತಿ ಏನು?” ಎಂದು ಮುರಿಗೆಪ್ಪ ನಕ್ಕ.

“ನೀವು ಮೊದಲು ಬಾರಸ್ರಿ ಅಣ್ಣಾರ. ಬಂದಾಗಿಂದ ಕಾಯಾಕ ಹತ್ತೇನಿ,” ಎಂದಳು ನೀಲವ್ವ.

ಮುರಿಗೆಪ್ಪ ಶ್ರುತಿ ಹಿಡಿದ. ನೀಲವ್ವ ಕಣ್ಣು ಮುಚ್ಚಿದಳು. ಬಾಯಿ ತೆರೆದಳು.

ನದಿಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರು ಎಮ್ಮೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲೇರಿ ಬಂದರು.

ಎರಡನೆಯ ಹಾಡಿಗೆ ಫಕೀರೇಶನಿಗೆ ಇನ್ನೊಂದು ಅಚ್ಚರಿ. ತಾಳ ತಪ್ಪುತ್ತಿರಲಿಲ್ಲ. ಕತ್ತು ಎತ್ತಿ ನೋಡಿದ. ಗೆರೆಯ ಬಾಗಿನಲ್ಲಿ ಕೂತಿದ್ದ ಕಲ್ಲಪ್ಪನ ಬೆನ್ನಿಗೆ ಗೋಡೆ ಸಿಕ್ಕಿತ್ತು. ಒರಗಿದವನು ತಾಳವನ್ನು ಮಡಿಲಲ್ಲಿಟ್ಟುಕೊಂಡು ಸುಖವಾಗಿ ಗೊರಕೆ ಹೊಡೆಯುತ್ತಿದ್ದ.

ಮಂಗಳಾರತಿ ಮುಗಿಯಿತು. ನೀಲವ್ವ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದಳು.

ಫಕೀರೇಶ ಕೈಕಟ್ಟಿ ಅಜ್ಜಾರ ಮುಂದೆ ನಿಂತ.

“ತಪ್ಪಾತರಿ. ಆಕಿ ದನಿ ಎದ್ದಿದ್ದು ಹೆಂಗಂತ ಕಣ್ಣಾರೆ ಕಂಡೆ. ಆದ್ರ ಬೆಳಿಗ್ಗಿ ಕೇಳಿದ ಪ್ರಶ್ನೆ ಹಂಗೇ ಉಳೀತಲ್ಲರಿ?”

“ಉಳೀತೇನು? ಕಣ್ಣಿನ ನೂಲಿಗೂ ಚರ್ಮದ ನೂಲಿಗೂ ಅಕ್ಷರದ ಕ್ರಮ ಬೇರೆ ಐತೇನು?”

“ಇಲ್ರಿ. ಅದಕ್ಕ ಕೇಳಿದ್ದು. ಕ್ರಮ ಬದಲಾಗದೇ ಕೆಲಸ ಹೆಂಗ ಬದಲಾಗತೈತಿ?”

ಅಜ್ಜಾರು ಖಾಲಿ ಪಡಸಾಲೆಯ ಕಡೆ ಕೈ ತೋರಿಸಿದರು. ಸುಣ್ಣದ ಗೆರೆ ದೀಪದ ಬೆಳಕಿನಲ್ಲಿ ಬಾಗಿ ಮಲಗಿತ್ತು.

“ಕೂಡಿಸಿದವ ನೀನು. ಇವತ್ತು ಎಷ್ಟು ಮಂದಿಯ ಎಡಬಲ ಬದಲಾತು?”

ಫಕೀರೇಶ ಮುರಿಗೆಪ್ಪನಿಂದ ನೀಲವ್ವನವರೆಗೆ ಬೆರಳು ಮಡಚುತ್ತ ನೆನಪು ಮಾಡಿಕೊಂಡ. ಮತ್ತೊಮ್ಮೆ ಮಾಡಿಕೊಂಡ. ಆಮೇಲೆ ಸುಮ್ಮನೆ ನಗತೊಡಗಿದ.

“ಹೇಳಪಾ,” ಎಂದರು ಅಜ್ಜಾರು. “ಸೊನ್ನೆರಿ,” ಎಂದ ಫಕೀರೇಶ. “ನೂಲಿಂದೂ ಹಿಂಗ: ಕ್ರಮ ಅದ, ಮಡಚಿದ ರೀತಿ ಬೇರೆ.”